ಸೊಲ್ಲು ಹಿಡಿಯುವವರ ಹಕ್ಕು

ಊರೂರು ತಿರುಗಿ ಹಾಡುವ, ತನ್ನ ಹಾಡನ್ನು ತಾನೇ ಕಟ್ಟುವ ಗಾಯಕನೊಬ್ಬ ಗಿಟಾರು ಹಿಡಿದು ಬಂದು, ಆ ಸೀಮೆಯ ತಮಟೆಯವರು, ಕಂಸಾಳೆಯವರು, ತಂಬೂರಿಯವರ ಜೊತೆ ಒಂದೇ ವೇದಿಕೆ ಹತ್ತುವುದು ಈಗ ನಮ್ಮಲ್ಲಿ ಅಪರೂಪವೇನಲ್ಲ. ಜಿಲ್ಲಾ ಉತ್ಸವಗಳಲ್ಲಿ, ಕಾಲೇಜಿನ ಹಬ್ಬಗಳಲ್ಲಿ, ದಸರೆಯ ಯುವಜನರ ಕಾರ್ಯಕ್ರಮಗಳಲ್ಲಿ ಇಂಥ ಕೂಡುಹಾಡಿಗೆ ಬೇಡಿಕೆಯಿದೆ. ಬಣ್ಣದ ದೀಪದ ಕೆಳಗೆ ಕಂಚಿನ ತಾಳ ಮಿಂಚುತ್ತದೆ, ತಮಟೆಯ ಪೆಟ್ಟಿಗೆ ಜನ ಎದ್ದು ಕುಣಿಯುತ್ತಾರೆ. ಇದೆಲ್ಲ ಸಂತೋಷದ ವಿಷಯವೇ. ಆದರೂ ಕೇಳಲೇಬೇಕಾದ ಒಂದು ಪ್ರಶ್ನೆ ಉಳಿಯುತ್ತದೆ: ಆ ಹಾಡು ಹೇಗೆ ಸಾಗಬೇಕೆಂದು ತೀರ್ಮಾನಿಸಿದವರು ಯಾರು? ಶ್ರುತಿ ಯಾರ ಗಂಟಲಿಗೆ ಹೊಂದಿಕೊಂಡಿತ್ತು, ಲಯ ಯಾರ ಕೈಯಲ್ಲಿತ್ತು, ಎಲ್ಲಿ ನಿಲ್ಲಿಸಬೇಕೆಂದು ಯಾರು ಹೇಳಿದರು? ಹೊರಗಿನಿಂದ ಬಂದ ಗಾಯಕನ ಹಾಡನ್ನು ಬದಲಿಸುವ ಹಕ್ಕು ಊರಿನ ಮೇಳಕ್ಕೂ ಇದ್ದರೆ ಅದು ಕೂಡಿ ಹಾಡಿದ್ದು. ಆ ಹಕ್ಕು ಇಲ್ಲದಿದ್ದರೆ, ಎಷ್ಟೇ ಚಪ್ಪಾಳೆ ಬಿದ್ದರೂ, ಮೇಳವನ್ನು ಅಲಂಕಾರಕ್ಕೆ ನಿಲ್ಲಿಸಿಕೊಂಡಂತೆ. ಈ ಬರಹದ ವಾದ ಇಷ್ಟೇ. ಇದಕ್ಕೆ ಬೇಕಾದ ಪುರಾವೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲೇ ಬೇಕಾದಷ್ಟು ಸಿಗುತ್ತದೆ.

ಹಳೇ ಮೈಸೂರು ಸೀಮೆಯ ಎರಡು ದೊಡ್ಡ ಕಥನ ಪರಂಪರೆಗಳನ್ನು ನೋಡಿ. ಮಲೆ ಮಹದೇಶ್ವರನ ಕಥೆ ಹೇಳುವ ದೇವರಗುಡ್ಡರು ಕಂಸಾಳೆ ಹಿಡಿಯುತ್ತಾರೆ. ಎಡ ಅಂಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ. ಮಂಟೇಸ್ವಾಮಿಯ ಕಥೆ ಹೇಳುವ ನೀಲಗಾರರು ತಂಬೂರಿ, ಗಗ್ಗರ, ಡಕ್ಕೆ ಹಿಡಿಯುತ್ತಾರೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆ ಇದೆ. ಹರಕೆ ಹೊತ್ತವರು ಮನೆ ಮುಂದೆ ಚಪ್ಪರ ಹಾಕಿ ಕಥೆ ಮಾಡಿಸಿದರೆ ಹಾಡು ರಾತ್ರಿಯಿಡೀ ನಡೆಯುತ್ತದೆ. ಮಹದೇಶ್ವರನ ಕಥೆಯಾದರೆ ಸಂಕಮ್ಮನ ಸಾಲು, ಜುಂಜೇಗೌಡನ ಸಾಲು ಎಂದು ಸಾಲುಸಾಲಾಗಿ ಬಿಚ್ಚಿಕೊಳ್ಳುತ್ತದೆ. ಮುಂದಾಳು ಒಂದು ಸಾಲು ಹೇಳುತ್ತಾನೆ, ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಸೊಲ್ಲು ಎಂದರೆ ಮತ್ತೆ ಮತ್ತೆ ಬರುವ ಪಲ್ಲವಿಯ ಸಾಲು. ಹೊರಗಿನವರಿಗೆ ಇದು ಬರೀ ಪುನರಾವರ್ತನೆಯಂತೆ ಕೇಳಿಸಬಹುದು. ಆದರೆ ಸೊಲ್ಲು ಎಳೆಯುವ ಅಷ್ಟು ಹೊತ್ತಿನಲ್ಲೇ ಮುಂದಾಳು ಉಸಿರು ತೆಗೆದುಕೊಳ್ಳುತ್ತಾನೆ, ಮುಂದಿನ ಸಾಲನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಾನೆ. ಅವನು ಮರೆತಲ್ಲಿ ಹಿಮ್ಮೇಳ ಸೊಲ್ಲನ್ನು ಇನ್ನೊಂದು ಸುತ್ತು ಎಳೆದು ಕಾಯುತ್ತದೆ. ಕೇಳುವವರು ತೂಕಡಿಸಿದರೆ ಲಯ ಏರಿಸುತ್ತದೆ, ಕಥೆಯಲ್ಲಿ ಅಳು ಬಂದರೆ ಇಳಿಸುತ್ತದೆ. ಹಾಗಾಗಿ ಹೆಸರು ಮುಂದಾಳಿನದಾದರೂ ಹಾಡಿನ ನಡೆ ಮೇಳದ್ದು. ಒಬ್ಬರು ಪದ ಕಟ್ಟುತ್ತಾರೆ, ಉಳಿದವರು ಅದನ್ನು ಹೊತ್ತು ನಡೆಸುತ್ತಾರೆ ಎಂಬ ಈ ಏರ್ಪಾಡು ಈ ನೆಲಕ್ಕೆ ಚೆನ್ನಾಗಿ ಗೊತ್ತು.

ಹೊರಗಿನ ಸಂಗೀತಗಾರ ಊರಿನವರ ಜೊತೆ ಸೇರಿ ಕೆಲಸ ಮಾಡುವುದೂ ಇಲ್ಲಿಗೆ ಹೊಸದಲ್ಲ. ಮಂಡ್ಯ ಸೀಮೆಯ ಪೌರಾಣಿಕ ನಾಟಕವನ್ನೇ ತೆಗೆದುಕೊಳ್ಳೋಣ. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಸುತ್ತಿನ ಈ ಭಾಗದಲ್ಲಿ ಕುರುಕ್ಷೇತ್ರ ಆಡದ ಊರನ್ನು ಹುಡುಕಬೇಕಾದೀತು. ಕಬ್ಬು ಕಡಿಯುವವರು, ಗದ್ದೆ ಉಳುವವರು, ಮೇಷ್ಟ್ರುಗಳು, ಅಂಗಡಿಯವರು ಸೇರಿ ತಂಡ ಕಟ್ಟುತ್ತಾರೆ. ಹೊರಗಿನಿಂದ ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ. ಅವರ ಕಸುಬೇ ಊರೂರು ತಿರುಗುವುದು. ದಿನದ ಕೆಲಸ ಮುಗಿಸಿ ಬಂದವರನ್ನು ಗುಡಿಯ ಜಗಲಿಯಲ್ಲೋ ಶಾಲೆಯ ಕೋಣೆಯಲ್ಲೋ ಕೂರಿಸಿಕೊಂಡು ತಿಂಗಳುಗಟ್ಟಲೆ ಮಟ್ಟು ಹೇಳಿಕೊಡುತ್ತಾರೆ. ದುರ್ಯೋಧನನ ಪಾತ್ರದವನ ಗಂಟಲು ಯಾವ ಮನೆಗೆ ಏರುತ್ತದೆ ಎಂದು ನೋಡಿಕೊಂಡು ಶ್ರುತಿ ಹಾಕುತ್ತಾರೆ. ಕೃಷ್ಣನಿಗೆ ಹಾರ್ಮೋನಿಯಂನ ಕಪ್ಪು ಎರಡು ಎಟುಕದಿದ್ದರೆ ಬಿಳಿ ಒಂದಕ್ಕೆ ಇಳಿಸುತ್ತಾರೆ. ರಾಗ ಪೂರಾ ಬಾರದವನಿಗೆ ಅವನ ಎಟುಕಿಗೆ ತಕ್ಕಂತೆ ಮಟ್ಟನ್ನು ಸರಳ ಮಾಡುತ್ತಾರೆ. ನಾಟಕದ ರಾತ್ರಿ ಸೀನರಿ, ಲೈಟು, ತಬಲಾದವರು, ಸ್ತ್ರೀ ಪಾತ್ರದ ಕಲಾವಿದೆಯರು ಎಲ್ಲ ಹೊರಗಿನಿಂದ ಬರುತ್ತಾರೆ. ಅಂದು ಹೊತ್ತು ಮೂಡುವವರೆಗೂ ಆಟ ನಡೆದು ಎಲ್ಲ ಹೊಂದಿಕೊಂಡು ಹೋಗುವುದಕ್ಕೆ ಕಾರಣ, ಹಿಂದಿನ ತಿಂಗಳುಗಳ ಆ ಕೂಡಿಕೆ. ಬಂದವನು ಇದ್ದವರ ಗಂಟಲಿಗೆ ಬಗ್ಗಿದ್ದಾನೆ, ಇದ್ದವರು ಬಂದವನ ವಿದ್ಯೆಯನ್ನು ಕಲಿತಿದ್ದಾರೆ. ನಗರದ ಸಂಗೀತ ವಿಮರ್ಶಕರು ಈ ನಾಟಕಗಳತ್ತ ಕಣ್ಣು ಹಾಯಿಸುವುದು ಕಡಿಮೆ. ಆದರೆ ಕೂಡಿ ಹಾಡುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಪಾಠ ನಮ್ಮಲ್ಲಿ ಬೇರೆ ಇಲ್ಲ ಎಂದೇ ನಾನು ಭಾವಿಸುತ್ತೇನೆ.

ಗಿಟಾರು ಮತ್ತು ತಂಬೂರಿ ಸೇರುವಾಗ ತೊಡಕು ಎಲ್ಲಿ ಬರುತ್ತದೆ ಎಂಬುದನ್ನು ಸಂಗೀತ ಕಲಿಯದವರೂ ತಿಳಿದುಕೊಳ್ಳಬಹುದು. ಗಿಟಾರಿಗೆ, ಕೀಬೋರ್ಡಿಗೆ ಸ್ವರಗಳ ಜಾಗ ಮೊದಲೇ ನಿಗದಿಯಾಗಿದೆ. ಜಗತ್ತಿನ ಬಹುಪಾಲು ಬ್ಯಾಂಡುಗಳು ಸೆಕೆಂಡಿಗೆ 440 ಕಂಪನದ ಒಂದು ಸ್ವರವನ್ನು ಅಳತೆಯಾಗಿ ಇಟ್ಟುಕೊಂಡು ವಾದ್ಯ ಕೂಡಿಸುತ್ತವೆ. ನೀಲಗಾರರ ತಂಬೂರಿಗೆ ಅಂಥ ಹೊರಗಿನ ಅಳತೆ ಇಲ್ಲ. ಹಾಡುವವನ ಆ ಹೊತ್ತಿನ ಗಂಟಲೇ ಅದರ ಅಳತೆ. ತಮಟೆಯ ಚರ್ಮ ತಣಿದರೆ ದನಿ ಇಳಿಯುತ್ತದೆ, ಹುಲ್ಲಿನ ಬೆಂಕಿಗೆ ಕಾಯಿಸಿದರೆ ಏರುತ್ತದೆ. ಇನ್ನು ಲಯ. ಇಂದಿನ ಬ್ಯಾಂಡಿನವರಲ್ಲಿ ಹಲವರು ಕಿವಿಗೆ ಇಯರ್‌ಫೋನು ಹಾಕಿಕೊಂಡು, ಅದರಲ್ಲಿ ಬರುವ ಟಿಕ್ ಟಿಕ್ ಸದ್ದಿನ ಮೇಲೆ ನುಡಿಸುತ್ತಾರೆ. ಆ ಸದ್ದು ಆರಂಭದಿಂದ ಕೊನೆಯವರೆಗೆ ಒಂದೇ ವೇಗದಲ್ಲಿರುತ್ತದೆ. ಕಂಸಾಳೆಯ ಲಯ ಹಾಗಿರುವುದಿಲ್ಲ. ನಿಧಾನವಾಗಿ ಶುರುವಾಗಿ, ಕುಣಿತ ಏರಿದಂತೆ ಏರಿ, ಕೊನೆಗೆ ಉಸಿರು ಕಟ್ಟುವ ವೇಗಕ್ಕೆ ಮುಟ್ಟುವುದೇ ಅದರ ಜೀವ. ಕಂಸಾಳೆಯವರನ್ನು ಟಿಕ್ ಟಿಕ್ ಸದ್ದಿಗೆ ಕಟ್ಟಿಹಾಕಿದರೆ ತಾಳ ಕೇಳಿಸುತ್ತದೆ, ಬಟ್ಟೆಯ ಬಣ್ಣ ಕಾಣುತ್ತದೆ, ಏರಿಕೆ ಮಾತ್ರ ಇರುವುದಿಲ್ಲ. ಡ್ರಮ್ಮಿನ ಅಬ್ಬರದಲ್ಲಿ ತಂಬೂರಿಯ ನಾದ ಮುಳುಗಿ, ಹಿಡಿದವನ ಕೈ ಆಡುವುದಷ್ಟೇ ಜನರಿಗೆ ಕಾಣುತ್ತದೆ. ಯಾರ ಕೆಟ್ಟ ಮನಸ್ಸೂ ಇಲ್ಲದೆಯೇ ಹೀಗಾಗುತ್ತದೆ ಎಂಬುದು ಗಮನಿಸಬೇಕಾದ ಮಾತು. ಮೈಕು ಜೋಡಿಸುವವರು, ಸೌಂಡು ನೋಡಿಕೊಳ್ಳುವವರು ಬ್ಯಾಂಡಿನ ಜೊತೆ ಬಂದವರು. ಅಳತೆಯೆಲ್ಲ ಆ ಕಡೆಯಿಂದಲೇ ಬರುತ್ತದೆ.

ಕನ್ನಡದಲ್ಲಿ ಹೊಸ ಕಾಲದ ತಿರುಗಾಡಿ ಹಾಡುಗಾರ ಎಂದರೆ ಮೊದಲು ನೆನಪಾಗುವುದು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್. 2008ರಲ್ಲಿ ಬಂದ ಅವರ ಮೊದಲ ಆಲ್ಬಂನಲ್ಲೇ ಶಿಶುನಾಳ ಶರೀಫರ ಪದವಿತ್ತು. 2011ರಲ್ಲಿ ಇಂಗ್ಲೆಂಡಿನ ‘ಸಾಂಗ್‌ಲೈನ್ಸ್’ ಪತ್ರಿಕೆ ಅವರಿಗೆ ಹೊಸ ಕಲಾವಿದರ ಪ್ರಶಸ್ತಿ ಕೊಟ್ಟಿತು. ಅವರ ತಮ್ಮ ವಾಸು ದೀಕ್ಷಿತ್ ಮುಂದಾಳಾಗಿದ್ದ ‘ಸ್ವರಾತ್ಮ’ ತಂಡವೂ ಜನಪದದ ಲಯವನ್ನು ಗಿಟಾರಿನ ಜೊತೆ ಬೆಸೆಯಿತು, ಕಾವೇರಿಯ ಜಗಳವನ್ನೇ ಹಾಡಾಗಿಸಿತು. ಪಂಚೆ ಉಟ್ಟು, ಗೆಜ್ಜೆ ಕಟ್ಟಿ, ಕನ್ನಡದಲ್ಲೇ ಹಾಡಿ ಪರದೇಶದ ಜನರನ್ನು ಕುಣಿಸಿದ್ದು ಸಣ್ಣ ಸಾಧನೆಯಲ್ಲ. ಈ ಹಾಡುಗಳಿಂದ ಶರೀಫರನ್ನು ಮೊದಲ ಬಾರಿಗೆ ಕೇಳಿದ ಹುಡುಗ ಹುಡುಗಿಯರು ಸಾವಿರಾರು. ಆದರೆ ಒಂದು ವ್ಯತ್ಯಾಸವನ್ನು ಗುರುತಿಸಿಕೊಳ್ಳಬೇಕು. ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಕ್ಕೆ ಸಿ. ಅಶ್ವಥ್ ಒಂದು ಮಟ್ಟು ಹಾಕಿದರು, ರಘು ಇನ್ನೊಂದು ಹಾಕಿದರು, ನಾಳೆ ಮತ್ತೊಬ್ಬರು ಹಾಕುತ್ತಾರೆ. ಅದು ಪದದ ಜೊತೆ ನಡೆಸುವ ಮಾತುಕತೆ. ಎದುರಿಗೆ ತಂಬೂರಿ ಹಿಡಿದು ಕುಳಿತಿರುವ ಜೀವಂತ ಹಾಡುಗಾರನ ಜೊತೆಗಿನ ಮಾತುಕತೆ ಬೇರೆಯೇ. ಅವನು ‘ಇಲ್ಲಿ ಹಿಂಗಲ್ಲ ಸ್ವಾಮಿ’ ಎನ್ನಬಲ್ಲ. ಅಷ್ಟು ಹೇಳಲು ಅವನಿಗೆ ಜಾಗ ಇದೆಯೇ ಎಂಬುದರಲ್ಲೇ ಎಲ್ಲ ಅಡಗಿದೆ.

ಆ ಜಾಗ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಒಂದು ನಿದರ್ಶನವಿದೆ. 1964ರಲ್ಲಿ ಶುರುವಾಗಿ ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರ ನೇತೃತ್ವದಲ್ಲಿ ಬೆಳೆದ ಕರ್ನಾಟಕ ತಾಳವಾದ್ಯ ಕಾಲೇಜು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ವರ್ಷಗಟ್ಟಲೆ ನುಡಿಸಿತು. ಅವರು ಕೂಡಿ ಮಾಡಿದ ‘ಜ್ಯೋತಿ’ ಆಲ್ಬಂ 1983ರದು. ಇದು ಶಾಸ್ತ್ರೀಯ ಸಂಗೀತವೇ ಹೊರತು ಜನಪದವಲ್ಲ ಎನ್ನುವುದು ನಿಜ. ಆದರೂ ಇದರಿಂದ ಕಲಿಯಬೇಕಾದ್ದಿದೆ. ಮರಿಯಾನೊ ಅದಕ್ಕೂ ಮೊದಲೇ ದಕ್ಷಿಣ ಭಾರತಕ್ಕೆ ಬಂದು ಶಿಷ್ಯನಂತೆ ಕುಳಿತು ನಾಗಸ್ವರ ಕಲಿತಿದ್ದರು. ಆಲ್ಬಂನಲ್ಲಿ ಆರ್.ಎ. ರಮಾಮಣಿ ಅವರ ಕಂಠ ಮತ್ತು ರಚನೆಗಳೇ ನಡುಗಂಬ. ಬಂದವರು ಆ ರಚನೆಯೊಳಗೆ ತಮಗೊಂದು ಎಡೆ ಹುಡುಕಿಕೊಂಡರು. ಪರದೇಶದ ಕಲಾವಿದನ ಹೆಸರು ಮುಂದಿದ್ದರೂ ತಾಳದ ಲೆಕ್ಕ ಬೆಂಗಳೂರಿನವರ ಕೈಯಲ್ಲೇ ಉಳಿಯಿತು. ಕುರುಕ್ಷೇತ್ರದ ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕೂತು ಮಾಡುವ ಕೆಲಸಕ್ಕೂ ಇದಕ್ಕೂ ನಡುವೆ ನನಗೆ ದೊಡ್ಡ ಅಂತರ ಕಾಣುವುದಿಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪ ಎದುರಾಗುತ್ತದೆ. ತಿಂಗಳುಗಟ್ಟಲೆ ಕೂತರೆ ಮಾತ್ರ ಒಳ್ಳೆಯ ಸಂಗೀತ ಹುಟ್ಟುತ್ತದೆಯೇ? ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಮತ್ತು ನಮ್ಮ ವಿಶ್ವಮೋಹನ ಭಟ್ಟರು 1992ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಬಾರಿಗೆ ಭೇಟಿಯಾಗಿ, ಅಭ್ಯಾಸವೆಂಬುದೇ ಇಲ್ಲದೆ ಧ್ವನಿಮುದ್ರಿಸಿದ ಆಲ್ಬಂಗೆ 1994ರಲ್ಲಿ ಗ್ರ್ಯಾಮಿ ಬಂತಲ್ಲ? ಬಂತು, ಅದು ಯೋಗ್ಯ ಪ್ರಶಸ್ತಿಯೂ ಹೌದು. ಆದರೆ ಅಂದು ಇಬ್ಬರೂ ಎದುರುಬದುರು ಕುಳಿತಿದ್ದರು. ಇಬ್ಬರ ಕೈಯಲ್ಲೂ ತಂತಿಯ ಮೇಲೆ ಜಾರಿಸಿ ನುಡಿಸುವ ವಾದ್ಯ, ಇಬ್ಬರೂ ಸ್ಥಳದಲ್ಲೇ ಬೆಳೆಸಿ ನುಡಿಸುವ ಪರಂಪರೆಯವರು. ಒಬ್ಬರು ತಿರುಗಿದಲ್ಲಿ ಇನ್ನೊಬ್ಬರು ತಿರುಗಬಹುದಿತ್ತು, ಬೇಡವೆಂದರೆ ಬಿಟ್ಟು ಬೇರೆ ದಾರಿ ಹಿಡಿಯಬಹುದಿತ್ತು. ಅಂದರೆ ಹಾಡನ್ನು ಬದಲಿಸುವ ಹಕ್ಕು ಮೊದಲ ಕ್ಷಣದಿಂದಲೇ ಇಬ್ಬರಲ್ಲೂ ಸಮನಾಗಿತ್ತು. ಮೊದಲೇ ಬರೆದು, ಮುದ್ರಿಸಿ, ಜನಪ್ರಿಯವಾದ ತನ್ನ ಹಾಡನ್ನು ಹೊತ್ತು ಬರುವ ಗಾಯಕ ಮತ್ತು ಹಿಂದಿನ ಸಂಜೆಯಷ್ಟೇ ಕರೆ ಬಂದ ಹಳ್ಳಿಯ ಮೇಳ, ಇವರ ನಡುವೆ ಅಂಥ ಸಮಾನತೆ ತಾನಾಗಿ ಇರುವುದಿಲ್ಲ. ಅದನ್ನು ಕಟ್ಟಬೇಕು. ಕಟ್ಟುವುದಕ್ಕೆ ದಿನಗಳು ಬೇಕು. ಅಭ್ಯಾಸದ ದಿನಗಳ ಬಗ್ಗೆ ಇಷ್ಟು ಒತ್ತಿ ಹೇಳುತ್ತಿರುವುದು ಇದಕ್ಕಾಗಿಯೇ.

ಸಮಾನತೆಯ ಮಾತು ಬಂದ ಮೇಲೆ ಜಾತಿಯ ಮಾತನ್ನು ಬಿಟ್ಟು ಹೋಗುವಂತಿಲ್ಲ. ತಮಟೆ ಬಡಿಯುವವರು ಹೆಚ್ಚಾಗಿ ದಲಿತರು, ನೀಲಗಾರರಲ್ಲೂ ದಲಿತರು ಬಹಳ. ಊರಹಬ್ಬದಲ್ಲಿ ಮೆರವಣಿಗೆಯ ಮುಂದೆ ನಡೆಯುವ ತಮಟೆಗೆ ಊರೊಳಗೆ ಮರ್ಯಾದೆ ಇರಲಿಲ್ಲ. ಬಿಟ್ಟಿ ಚಾಕರಿಯಾಗಿ ಬಂದ ತಮಟೆಯನ್ನು ಇನ್ನು ಬಡಿಯುವುದಿಲ್ಲ ಎಂದು ಎಪ್ಪತ್ತು ಎಂಬತ್ತರ ದಶಕದ ದಲಿತ ಚಳವಳಿಯ ಯುವಕರು ಹೇಳಿದ್ದು ಆ ನೋವಿನಿಂದ. ಅದೇ ಚಳವಳಿಯ ಸಭೆಗಳಲ್ಲಿ ತಮಟೆ ಹೊಸ ಅರ್ಥದಲ್ಲಿ ಮರಳಿ ಬಂತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಹೊರಬಂದ ಮೇಲೆ ಅವರ ಪದಗಳು ಪುಸ್ತಕದಿಂದ ಬೀದಿಗಿಳಿದವು. ಊರಿಂದೂರಿಗೆ ಹೋದ ಹಾಡುಗಾರರು ಪದ ಎತ್ತಿಕೊಟ್ಟರು, ಕೇರಿಯ ಹುಡುಗರು ಪೆಟ್ಟು ಹಾಕಿ ಸೊಲ್ಲು ಹಿಡಿದರು. ಎಷ್ಟೋ ಕಡೆ ಜನ ತಮ್ಮ ಊರಿನ ಸಂಗತಿಯನ್ನೂ ಹಾಡಿಗೆ ಸೇರಿಸಿದರು. ರೈತ ಚಳವಳಿಯಲ್ಲೂ ಹಾಡಿಗೆ ಇಂಥದೇ ಜಾಗವಿತ್ತು. ಕ್ಯಾತನಹಳ್ಳಿ ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರ ಊರು. ಹಸಿರು ಶಾಲಿನ ಸಭೆಗಳಲ್ಲಿ ಭಾಷಣಕ್ಕೆ ಮೊದಲು ಹೋರಾಟದ ಹಾಡು ಇರುತ್ತಿದ್ದ ಸೀಮೆ ಇದು. ಒಬ್ಬ ಕವಿಯ ಹಾಡು, ತಿರುಗಾಡುವ ಗಾಯಕ, ಊರಿನ ವಾದ್ಯ, ಈ ಮೂರೂ ಯಾರ ಪ್ರಾಯೋಜಕತ್ವವೂ ಇಲ್ಲದೆ ಕೂಡಿದ ಕಾಲವದು. ಅಲ್ಲಿ ಹಾಡು ಎಲ್ಲರದೂ ಆಗಿತ್ತು, ಏಕೆಂದರೆ ಅದರ ಉದ್ದೇಶ ಎಲ್ಲರದಾಗಿತ್ತು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ಈ ವಾದ್ಯ ನಡೆದು ಬಂದ ದೂರ ದೇಶಕ್ಕೇ ಕಾಣಿಸಿತು. ಆದ್ದರಿಂದ ಇಂದಿನ ವೇದಿಕೆಯಲ್ಲಿ ತಮಟೆಯವರನ್ನು ಹಿಂದಿನ ಸಾಲಿನಲ್ಲಿ ಹೆಸರಿಲ್ಲದೆ ನಿಲ್ಲಿಸುವುದು ಸಂಗೀತದ ಲೋಪವಷ್ಟೇ ಆಗಿ ಉಳಿಯುವುದಿಲ್ಲ. ಹಳೆಯ ತಪ್ಪು ಹೊಸ ದೀಪದ ಕೆಳಗೆ ಮತ್ತೆ ನಡೆದಂತಾಗುತ್ತದೆ.

ಇನ್ನೊಂದು ಕಡೆಯಿಂದ ಬರುವ ಆಕ್ಷೇಪ ಇದಕ್ಕೆ ತದ್ವಿರುದ್ಧವಾದುದು: ಗಿಟಾರು ಬಂದರೆ ಜನಪದ ಕೆಡುತ್ತದೆ, ಸೇರಿಸುವುದೇ ಬೇಡ ಎಂಬುದು. ಕಾಳಜಿಯಿಂದ ಹುಟ್ಟಿದ ಮಾತಾದರೂ ಚರಿತ್ರೆ ಇದಕ್ಕೆ ಸಾಕ್ಷಿ ಹೇಳುವುದಿಲ್ಲ. ನಮ್ಮ ಹಳ್ಳಿಯ ನಾಟಕದ ಪ್ರಾಣವಾದ ಹಾರ್ಮೋನಿಯಂ 1842ರಲ್ಲಿ ಫ್ರಾನ್ಸಿನಲ್ಲಿ ಹಕ್ಕುಪತ್ರ ಪಡೆದ ವಾದ್ಯ. ಅದು ನಮ್ಮ ಸ್ವರಗಳಿಗೆ ಒಗ್ಗದು ಎಂದು ಆಲ್ ಇಂಡಿಯಾ ರೇಡಿಯೊ 1940ರಿಂದ ಮೂರು ದಶಕ ಅದನ್ನು ದೂರ ಇಟ್ಟಿತ್ತು. ಅದೇ ವರ್ಷಗಳಲ್ಲಿ ಮಂಡ್ಯದ ಹಳ್ಳಿಗಳು ಅದನ್ನು ಪೂರ್ತಿ ತಮ್ಮದನ್ನಾಗಿ ಮಾಡಿಕೊಂಡವು. ಎಷ್ಟೋ ತಂಬೂರಿ ಪದದ ತಂಡಗಳಲ್ಲೂ ಅದು ಬಂದು ಕೂತಿತು. ಮೇಳಕ್ಕೆ ಬೇಕೆನಿಸಿದಾಗ, ಬೇಕಾದಷ್ಟು, ಬೇಕಾದ ಕಡೆ ಅದು ಒಳಗೆ ಬಂತು. ಗಿಟಾರಿಗೂ ಆ ಬಾಗಿಲು ತೆರೆದಿರಲಿ, ಆದರೆ ಬಾಗಿಲು ತೆರೆಯುವವರು ಮನೆಯವರಾಗಿರಲಿ. ರಾತ್ರಿಯಿಡೀ ಕಥೆ ಕೇಳುವ ವ್ಯವಧಾನ ಈಗ ಯಾರಿಗಿದೆ, ಉತ್ಸವದವರು ಕೊಡುವುದೇ ಇಪ್ಪತ್ತು ನಿಮಿಷ ಎನ್ನುವವರಿಗೂ ಇದೇ ಉತ್ತರ. ಇಪ್ಪತ್ತು ನಿಮಿಷಕ್ಕೆ ಒಂದು ಸಾಲಿನ ಒಂದು ತುಣುಕನ್ನು ಆರಿಸಬಹುದು. ಯಾವ ತುಣುಕು ಎಂದು ಆರಿಸುವವರು, ಅದರೊಳಗೆ ಎಲ್ಲಿ ಏರಬೇಕು ಎಲ್ಲಿ ಇಳಿಯಬೇಕು ಎಂದು ಹೇಳುವವರು ಆ ಕಥೆಯನ್ನು ಬಲ್ಲವರಾಗಿದ್ದರೆ ಸಾಕು.

ಹೆಸರು ಮತ್ತು ಹಣದ ಪ್ರಶ್ನೆ ಕೊನೆಗೆ ಉಳಿಯುತ್ತದೆ. ಜನ ಬರುವುದು ಗಾಯಕನ ಹೆಸರಿಗೆ, ಹಣವೂ ಆ ಹೆಸರಿಗೇ ಬರುತ್ತದೆ, ಹಾಗಿರುವಾಗ ಪಾಲು ಸಮ ಹೇಗಾದೀತು ಎಂದು ಆಯೋಜಕರು ಕೇಳುತ್ತಾರೆ. ಟಿಕೆಟ್ಟಿನ ಹಣದಲ್ಲಿ ಹೆಚ್ಚು ಕಡಿಮೆ ಇರಬಹುದು. ಆದರೆ ಹಾಡಿನ ಮೇಲಿನ ಹಕ್ಕು ಬೇರೆಯೇ ವಿಷಯ. ದಕ್ಷಿಣ ಆಫ್ರಿಕಾದ ಸೊಲೊಮನ್ ಲಿಂಡಾ 1939ರಲ್ಲಿ ತನ್ನ ತಂಡದೊಂದಿಗೆ ಹಾಡಿ ಮುದ್ರಿಸಿದ ಹಾಡು ಕೈಯಿಂದ ಕೈಗೆ ದಾಟಿ ಲೋಕಪ್ರಸಿದ್ಧವಾಯಿತು. ಅವರು 1962ರಲ್ಲಿ ಬಡತನದಲ್ಲೇ ತೀರಿಕೊಂಡರು. ಅವರ ಮಕ್ಕಳಿಗೆ ನ್ಯಾಯ ಒಪ್ಪಂದದ ಮೂಲಕ ಸಿಕ್ಕಿದ್ದು 2006ರಲ್ಲಿ. ಅದೇ ದೇಶಕ್ಕೆ ಹೋಗಿ ಅಲ್ಲಿನವರ ಜೊತೆ ಹಾಡಿದ ಅಮೆರಿಕದ ಗಾಯಕ ಪಾಲ್ ಸೈಮನ್ 1986ರ ಆಲ್ಬಂನ ಕೆಲವು ಹಾಡುಗಳಲ್ಲಿ ಅಲ್ಲಿನ ಗಾಯಕ ಜೋಸೆಫ್ ಶಬಲಾಲಾ ಅವರ ಹೆಸರನ್ನು ಸಹರಚನಕಾರರಾಗಿ ಸೇರಿಸಿದರು. ವರ್ಣಭೇದದ ಆಡಳಿತವಿದ್ದ ದೇಶಕ್ಕೆ ಹೋಗಿದ್ದಕ್ಕೆ ಅವರ ಮೇಲೆ ಬಂದ ಟೀಕೆ ಸಣ್ಣದಲ್ಲ, ಆ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೂ ಹೆಸರು ಬರೆದ ಕಡೆ ಪಾಲು ಉಳಿಯಿತು. ನಮ್ಮ ಸೀಮೆಯಲ್ಲೇ ಇದಕ್ಕೆ ಮೇಲ್ಪಂಕ್ತಿ ಇದೆ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು, ಮುಂದೆ ಕರ್ನಾಟಕ ಜಾನಪದ ಪರಿಷತ್ತನ್ನೂ ರಾಮನಗರದ ಜಾನಪದ ಲೋಕವನ್ನೂ ಕಟ್ಟಿದವರು, ತಾವು ಸಂಗ್ರಹಿಸಿದ ಒಂದು ಪುಸ್ತಕಕ್ಕೆ ‘ಸೋಬಾನೆ ಚಿಕ್ಕಮ್ಮನ ಪದಗಳು’ ಎಂದೇ ಹೆಸರಿಟ್ಟರು. ಪದ ಹೇಳಿದ ಹೆಣ್ಣುಮಗಳ ಹೆಸರು ಮುಖಪುಟದಲ್ಲೇ ಬಂತು.

ಕಾನೂನೂ ಈಗ ಇದೇ ದಿಕ್ಕಿನಲ್ಲಿದೆ. ಪರಂಪರೆಯಿಂದ ಬಂದ ಪದಕ್ಕೆ ಒಬ್ಬ ಕರ್ತೃ ಇರದಿರಬಹುದು. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಸೇರಿದ ತಿದ್ದುಪಡಿ ಹಾಡುವವರಿಗೂ ನುಡಿಸುವವರಿಗೂ ತಮ್ಮ ಪ್ರದರ್ಶನದ ಮೇಲೆ ಪ್ರತ್ಯೇಕ ಹಕ್ಕು ಕೊಟ್ಟಿತು. ಆ ಹಕ್ಕಿನ ಅವಧಿ ಈಗ 50 ವರ್ಷ. ದೊಂಬರಾಟದವರು, ಹಾವಾಡಿಗರು ಕೂಡ ಕಾಯ್ದೆಯ ಪ್ರಕಾರ ಪ್ರದರ್ಶಕರೇ. 2012ರ ತಿದ್ದುಪಡಿ ವಾಣಿಜ್ಯ ಬಳಕೆಯಲ್ಲಿ ಅವರಿಗೆ ರಾಯಧನವನ್ನೂ ಪ್ರದರ್ಶನದಲ್ಲಿ ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕನ್ನೂ ಸೇರಿಸಿತು. ಹಾಗಾಗಿ ವೇದಿಕೆಯ ಹಾಡನ್ನು ಮುದ್ರಿಸಿ ಯೂಟ್ಯೂಬಿಗೆ ಏರಿಸುವಾಗ ‘ಸ್ಥಳೀಯ ಜಾನಪದ ಕಲಾವಿದರು’ ಎಂದು ಒಂದೇ ಸಾಲಿನಲ್ಲಿ ಮುಗಿಸುವುದು ಕಾಯ್ದೆಯ ಆಶಯಕ್ಕೇ ವಿರುದ್ಧ.

ಈ ವರ್ಷ ನಿಮ್ಮ ಊರಿನ ಹಬ್ಬಕ್ಕೋ ತಾಲ್ಲೂಕಿನ ಉತ್ಸವಕ್ಕೋ ಹೊರಗಿನ ಹಾಡುಗಾರರನ್ನು ಕರೆಸುವ ಜವಾಬ್ದಾರಿ ನಿಮ್ಮ ಮೇಲಿದ್ದರೆ, ಅವರನ್ನು ಒಂದು ವಾರ ಮುಂಚೆ ಕರೆಸಿ, ಊರಿನ ಮೇಳದವರ ಜೊತೆ ಕೂರಿಸಿ. ಕೂತ ದಿನಗಳಿಗೆ ಮೇಳದವರಿಗೆ ಕೂಲಿ ಕಳೆಯದಂತೆ ಹಣ ಕೊಡಿ. ತಂಬೂರಿಯ ಶ್ರುತಿಗೆ ಗಿಟಾರು ಕೂಡಿಸಲು ಹೇಳಿ, ಟಿಕ್ ಟಿಕ್ ಸದ್ದನ್ನು ನಿಲ್ಲಿಸಲು ಹೇಳಿ. ಪೋಸ್ಟರಿನಲ್ಲಿ ತಂಡದ ಪ್ರತಿಯೊಬ್ಬರ ಹೆಸರನ್ನೂ ಅವರ ಊರಿನ ಹೆಸರನ್ನೂ ಗಾಯಕನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿಸಿ.